ಹದಿನೈದು ದಿನದ ಮಣೆ

ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೆಯ ದಿನ ಸೋಮವಾರ. ನಾನು ಐದೂವರೆಗೆ ಎದ್ದು ಹಾಲು ಒಲೆಯ ಮೇಲಿಟ್ಟೆ. ಎರಡು ಪ್ಯಾಕೆಟ್ ಸಾಕಿತ್ತು. ಮೂರು ಕತ್ತರಿಸಿ ಸುರಿದಿದ್ದೆ. ಮೂರನೆಯದು ನನ್ನ ಗಂಡ ಶಾಂತಮೂರ್ತಿಯವರ ಪಾಲು. ಅವರು ಕಾಫಿ ಕುಡಿಯುತ್ತಿರಲಿಲ್ಲ, ಹಾಲನ್ನೇ ಕುಡಿಯುತ್ತಿದ್ದರು.

ಹಿಂದಿನ ಬಚ್ಚಲಲ್ಲಿ ಅತ್ತೆ ಸ್ನಾನಕ್ಕೆ ಕೂತರು. ಮೊದಲು ಮಣೆ ಕಲ್ಲಿಗೆ ತಾಗುವ ಸದ್ದು, ಆಮೇಲೆ ಚೊಂಬಿನ ನೀರಿನ ಸದ್ದು. ನಾಲ್ಕು ವರ್ಷದಿಂದ ಪ್ರತಿದಿನ ಬೆಳಗ್ಗೆ ಆ ಸದ್ದು ಕೇಳುತ್ತಲೇ ನಾನು ಹಾಲು ಕಾಯಿಸುತ್ತಿದ್ದೆ.

ಕೊಳ್ಳೇಗಾಲದ ನಮ್ಮ ಮನೆಯ ಮುಂದಿನ ಎರಡು ಕೋಣೆ ಶಾಂತಮೂರ್ತಿಯವರ ಕ್ಲಿನಿಕ್, ಹಿಂದೆ ನಾವು. ಮಾವ ಗುರುಮಲ್ಲಪ್ಪ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು, ಪುಟ ತಿರುವುತ್ತಿರಲಿಲ್ಲ. ಮೈದುನ ಪರಮೇಶ ಉಪ್ಪಿಟ್ಟು ತಿನ್ನುತ್ತಾ ಬೋರ್ಡ್ ಇಳಿಸಬೇಕು ಎಂದ. ಅವನಿಗೆ ಗೊಬ್ಬರದ ಅಂಗಡಿ ಇದೆ, ಬೋರ್ಡಿನ ಬೆಲೆ ಗೊತ್ತು. ಬೋರ್ಡ್ ಇದ್ದರೆ ಜನ ಬರುತ್ತಲೇ ಇರುತ್ತಾರೆ, ಬಂದವರಿಗೆಲ್ಲ ಸಾವಿನ ಕಥೆ ಹೇಳುತ್ತಾ ನೀವು ಎಷ್ಟು ದಿನ ಬಾಗಿಲಲ್ಲಿ ನಿಂತಿರ್ತೀರಿ ಅತ್ತಿಗೆ, ಅಂದ. ಮಾತು ಸರಿಯಾಗಿಯೇ ಇತ್ತು.

ಬೋರ್ಡಿನಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರು ಎಂದಿದೆ. ಮಾವನಿಗೆ ಆ ಸಾಲು ಎಂದೂ ಹಿಡಿಸಲಿಲ್ಲ. ಶಾಗ್ಯದಲ್ಲಿ ಜಮೀನಿರುವ ಮನೆತನದ ಹಿರಿಯ ಮಗ ಹೆರಿಗೆ ಮಾಡಿಸುವುದೇ ಎಂದು ಎರಡು ತಿಂಗಳು ಮಾತು ಬಿಟ್ಟಿದ್ದರಂತೆ. ಎಲುಬಿನ ಡಾಕ್ಟರಾಗಲಿ ಎಂಬುದು ಅವರ ಆಸೆ. ನೆಂಟರಿಗೆ ಮಗ ಡಾಕ್ಟರ್ ಎನ್ನುತ್ತಿದ್ದರು, ಯಾವುದರ ಡಾಕ್ಟರ್ ಎನ್ನುತ್ತಿರಲಿಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಹುಬ್ಬಳ್ಳಿಯಲ್ಲಿ ಎಂ.ಡಿ. ಮಾಡುವಾಗ ತರಗತಿಗೆ ಇವರೊಬ್ಬರೇ ಗಂಡಸು. ಇಲ್ಲಿ ಬಾಗಿಲು ತೆರೆದ ಮೊದಲ ಆರು ತಿಂಗಳು ಹೆಂಗಸರು ಹೊಸಿಲಿನವರೆಗೆ ಬಂದು ಇವರ ಮೀಸೆ ನೋಡಿ ವಾಪಸಾಗುತ್ತಿದ್ದರು.

ಆಮೇಲೆ ಬಂದರು. ಯಾಕೆ ಬಂದರು ಎಂದು ಮದುವೆಯ ಮೊದಲ ವರ್ಷ ನಾನು ನರ್ಸ್ ರಜೆ ಇದ್ದಾಗ ಚೀಟಿ ಕೊಡಲು ಕೂತು ನೋಡಿದ್ದೇನೆ. ಗಂಡ, ಅತ್ತೆ, ಅತ್ತಿಗೆ ಎಲ್ಲರೂ ಮೊದಲು ಹೊರಗೆ. ಒಳಗೆ ತೋರಿಸಿಕೊಳ್ಳಲು ಬಂದವಳು ಮತ್ತು ನರ್ಸ್ ಮಾತ್ರ, ಆ ದಿನಗಳಲ್ಲಿ ನರ್ಸ್ ಜಾಗದಲ್ಲಿ ನಾನು. ಮೊದಲನೆಯ ಪ್ರಶ್ನೆ, ಬೆಳಗ್ಗೆ ಏನು ತಿಂದೆ ತಾಯಿ? ಹೊಟ್ಟೆ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಕೈ ಇಡ್ಲಾ ಎಂದು ಕೇಳಿ, ಅವಳು ತಲೆ ಆಡಿಸುವವರೆಗೆ ಕೈ ಗಾಳಿಯಲ್ಲೇ ಇರುತ್ತಿತ್ತು. ಏನಾಗ್ತಿದೆ ಎಂದು ಒಂದೇ ಸಲ ಕೇಳಿ ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲೆ ಇಡುತ್ತಿದ್ದರು. ಕ್ಯಾಪ್ ಹಾಕಿದ್ದನ್ನು ನೋಡಿ ಅವಳಿಗೆ ಇವರು ಬರೆಯುವ ಅವಸರದಲ್ಲಿಲ್ಲ ಎಂದು ಗೊತ್ತಾಗುತ್ತಿತ್ತು. ಹೊರಗೆ ಬೆಂಚಿನ ಮೇಲೆ ಇಪ್ಪತ್ತು ಜನ ಗೊಣಗುತ್ತಿದ್ದರೂ ಕಾಯುತ್ತಿದ್ದರು.

“ಮತ್ತೆ ಮತ್ತೆ ಕೇಳಿದ್ರೆ ನಮಗೆ ಬೇಕಾದ್ದು ಹೇಳ್ತಾರೆ,” ಎಂದಿದ್ದರು ನನಗೆ. “ಸುಮ್ಮನಿದ್ರೆ ಅವರಿಗೆ ಆಗಿದ್ದು ಹೇಳ್ತಾರೆ.”

ಇದನ್ನು ಎಲ್ಲಿ ಕಲಿಸಿದರು, ಮೈಸೂರಲ್ಲೋ ಹುಬ್ಬಳ್ಳಿಯಲ್ಲೋ ಎಂದು ಕೇಳಿದ್ದೆ.

“ಲೊಕ್ಕನಹಳ್ಳಿ ಮೆಡಿಕಲ್ ಕಾಲೇಜಲ್ಲಿ,” ಎಂದು ನಕ್ಕಿದ್ದರು.

ಆ ಸೋಮವಾರ ಹತ್ತೂವರೆಗೆ ಲೊಕ್ಕನಹಳ್ಳಿಯಿಂದ ರಾಮಮ್ಮ ಬಂದರು, ಜೊತೆಗೆ ಏಳು ತಿಂಗಳ ಬಸುರಿ ಮೊಮ್ಮಗಳು ಕೋಮಲ. ರಾಮಮ್ಮ ಸೂಲಗಿತ್ತಿ. ಕಾಡಿನ ಅಂಚಿನ ಆ ಊರುಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವರು. ಮೆಟ್ಟಿಲ ಕೆಳಗೇ ನಿಂತರು, ಮೇಲೆ ಬನ್ನಿ ಎಂದರೂ ಬರಲಿಲ್ಲ.

ಅವರಿಗೆ ವಿಷಯ ಗೊತ್ತಿತ್ತು. “ಇವತ್ ಬರಕ್ಕೆ ಏಳಿದ್ರು ಡಾಕ್ಟ್ರಪ್ಪ. ತಾರೀಕು ಬರ್ದವ್ರೆ. ಅದ್ಕೆ ಬಂದ್ವಿ ಕಣವ್ವ,” ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

ಹೇಗಾಯಿತು ಎಂದು ಕೇಳಿದರು. ಹೇಳಿದೆ. ಗುರುವಾರ ಹನೂರಿಗೆ ಹೋಗಿ ಬರುವಾಗ ಎದೆನೋವು ಬಂದಿರಬೇಕು, ಕಾರು ರಸ್ತೆ ಪಕ್ಕಕ್ಕೆ ಹಾಕಿ ಇಂಡಿಕೇಟರ್ ಹಾಕಿ ಕೂತಿದ್ದರು, ಯಾರಿಗೂ ಏನೂ ತೊಂದರೆ ಆಗಲಿಲ್ಲ. ಅಷ್ಟು ಹೊತ್ತಿಗೆ ಈ ವಾಕ್ಯಗಳು ಬಾಯಿಪಾಠವಾಗಿದ್ದವು.

ಬಸುರಿಯರಿಗೆ ಕೊಡುವ ತಾಯಿ ಕಾರ್ಡನ್ನು ಕೋಮಲಳಿಂದ ಇಸಿದುಕೊಂಡು ನೋಡಿದೆ. ಶಾಂತಮೂರ್ತಿ ಕನ್ನಡದಲ್ಲೇ ಬರೆಯುತ್ತಿದ್ದರು, ಮನೆಯವರು ಓದಿಕೊಳ್ಳಲಿ ಎಂದು. ರಕ್ತ ಕಡಿಮೆ. ಮನೆಯಲ್ಲಿ ಹೆರಿಗೆ ಬೇಡ. ಎರಡನೆಯದರ ಕೆಳಗೆ ಎರಡು ಗೆರೆ. ಹನೂರಿನಲ್ಲಿ ಲೇಡಿ ಡಾಕ್ಟರ್ ಇದ್ದಾರೆ, ಅಲ್ಲಿ ತೋರಿಸು ಎಂದೆ.

“ನಾನ್ ಎಲ್ಗೂ ಓಗಲ್ಲ,” ಎಂದಳು ಕೋಮಲ.

“ಅಂಗಂತಾಳೆ ನೋಡವ್ವ,” ಎಂದರು ರಾಮಮ್ಮ. “ನನ್ ಕೈ ನಡುಗ್ತವೆ, ನಂಗಾಗಲ್ಲ ಅಂದ್ರೂ ಕೇಳಲ್ಲ.”

“ಆಸ್ಪತ್ರೆಯವ್ರನ್ನ ನಂಬಿ ಏನಾಯ್ತಜ್ಜಿ? ಹದಿನೈದ್ ದಿನಕ್ಕೆ ಅಂತ ಈಸ್ಕಂಡೋದ್ರು. ನಾಕ್ ವರ್ಷ ಆಯ್ತು. ನಿನ್ ಕೆಲ್ಸ ನಿಲ್ಸಕ್ಕೇ ಮಣೆ ಕಸ್ಕಂಡ್ರು ಅಂತ ಊರೇ ಅಂತದೆ.”

ರಾಮಮ್ಮ ಅವಳ ತೋಳಿಗೆ ಮೆಲ್ಲಗೆ ಹೊಡೆದರು. ಸತ್ತವರ ಬಾಗಿಲಲ್ಲಿ ಆಡುವ ಮಾತಲ್ಲ ಅದು ಎಂದರು. ಆದರೆ ಅದು ಸುಳ್ಳು ಎನ್ನಲಿಲ್ಲ.

“ಕಳ್ದೋಯ್ತು ತಾಯಿ, ತಪ್ಪಾಯ್ತು ಅಂತ ಕೈ ಮುಗುದ್ರು ಕಣವ್ವ ಡಾಕ್ಟ್ರಪ್ಪ,” ಎಂದರು ನನಗೆ. “ಹೊಸದೊಂದ ಮಾಡ್ಸಿ ತಂದಿದ್ರು. ನಾ ಬ್ಯಾಡ ಅಂದೆ. ನಮ್ಮನೇರು ಕೆತ್ತುದ್ ಮಣೆ ಅದು. ಅಂಗ್ ಕಳೆಯೋ ವಸ್ತು ಅಲ್ಲ.”

ಒಳಗಿನಿಂದ ಅತ್ತೆ ಇಬ್ಬರಿಗೂ ಟೀ ಕಳಿಸಿದರು, ಪೇಪರ್ ಲೋಟದಲ್ಲಿ. ನಾನು ಸ್ಟೀಲ್ ಲೋಟಕ್ಕೆ ಬಗ್ಗಿಸಬಹುದಿತ್ತು. ಹಾಗೇ ಕೊಟ್ಟೆ.

ಮಣೆ ಬಚ್ಚಲಲ್ಲಿತ್ತು.

ಇದನ್ನು ಸರಿಯಾಗಿ ಬರೆಯಬೇಕು. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಲೊಕ್ಕನಹಳ್ಳಿಯ ದಾರಿಗೆ ಆನೆ ಇಳಿದಿತ್ತು, ಹೆರಿಗೆ ನೋವಿನ ಹೆಂಗಸೊಬ್ಬಳನ್ನು ತರಲು ಹೊರಟ ಆಂಬುಲೆನ್ಸ್ ನಿಂತುಹೋಗಿತ್ತು. ಶಾಂತಮೂರ್ತಿ ಸುತ್ತು ದಾರಿಯಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಆ ಹೆಂಗಸು ಒಂದು ಗಿಡ್ಡ ಮಣೆಯ ಮೇಲೆ ಕೂತು ಹೆತ್ತಾಗಿತ್ತು. ಅವಳ ಬೆನ್ನಿಗೆ ಆಸರೆಯಾಗಿ ರಾಮಮ್ಮ ಕೂತಿದ್ದರಂತೆ. ಹೊನ್ನೆ ಮರದ ಮಣೆ, ಒಂದು ಗೇಣಿಗಿಂತ ತುಸು ಎತ್ತರ, ಮುಂದೆ ಅರ್ಧಚಂದ್ರದ ಹಾಗೆ ಕೊರೆದದ್ದು. ನಮ್ಮ ಹೆಂಗಸರು ಟೇಬಲ್ ಮೇಲೆ ಅಂಗಾತ ಮಲಗೋಕೆ ಹೆದರಿ ಆಸ್ಪತ್ರೆಗೆ ಬರಲ್ಲ, ಕೂರೋಕೆ ಬಿಟ್ಟರೆ ಬರ್ತಾರೆ ಎಂದು ಇವರಿಗೆ ಅನ್ನಿಸಿತು. ಅಂಥದ್ದೇ ಒಂದು ಮಾಡಿಸಲು ಅಳತೆಗೆ ಬೇಕು, ಹದಿನೈದು ದಿನಕ್ಕೆ ಕೊಡು ತಾಯಿ ಎಂದು ಕೇಳಿ ತಂದರು. ಜಗಲಿಯ ಮೂಲೆಯಲ್ಲಿಟ್ಟು ಬಡಗಿ ಪುಟ್ಟಸಿದ್ದಯ್ಯನಿಗೆ ಹೇಳಿ ಕಳಿಸಿದರು. ಪುಟ್ಟಸಿದ್ದಯ್ಯ ಮಗಳ ಮದುವೆಯಲ್ಲಿದ್ದ, ಬರಲಿಲ್ಲ.

ಆಗ ನಾನು ಈ ಮನೆಗೆ ಬಂದು ಮೂರು ತಿಂಗಳು. ಅತ್ತೆ ಪುಟ್ಟಬಸಮ್ಮನಿಗೆ ಮಂಡಿನೋವು. ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲ್ ಜಾರುತ್ತಿತ್ತು, ದಿನಾ ಅದಕ್ಕೇ ಮಾತು. ನಾನು ಯಳಂದೂರಿನಿಂದ ಬಂದವಳು, ಅಲ್ಲಿಯ ಅಡುಗೆಗೆ ಉಪ್ಪಿಲ್ಲ, ನನ್ನ ಉಪ್ಸಾರಿಗೆ ಖಾರವಿಲ್ಲ, ಮುದ್ದೆಯಲ್ಲಿ ಗಂಟು. ಒಂದು ಬೆಳಗ್ಗೆ ಜಗಲಿಯ ಮಣೆ ತಂದು ಬಚ್ಚಲಲ್ಲಿಟ್ಟೆ. ಅತ್ತೆ ಕೂತು ಎದ್ದು ಬಂದು, ಕಲ್ಲಿನಂಗ್ ನಿಂತ್ಕತದೆ ಎಂದರು. ಮುಂದಿನ ಕೊರೆತ ನೀರು ಹರಿದುಹೋಗಲು ಎಂದುಕೊಂಡರು. ಆ ಭಾನುವಾರ ಬಂದ ನೆಂಟರಿಗೆಲ್ಲ ಸೊಸೆ ಮಣೆ ತಂದದ್ದನ್ನು ಹೇಳಿದರು. ನನ್ನ ಬಗ್ಗೆ ಅವರು ಆಡಿದ ಮೊದಲ ಒಳ್ಳೆಯ ಮಾತು ಅದು.

ಎರಡು ವಾರದ ಮೇಲೆ ಶಾಂತಮೂರ್ತಿ ಮಣೆ ಎಲ್ಲಿ ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಬಣ್ಣ ಹೊಡೆಯುವವರು ಬಂದಿದ್ದರಲ್ಲ, ಅವರು ಒಯ್ದರೇನೋ ಎಂದೂ ಸೇರಿಸಿದೆ. ಅವರು ಮೂರು ದಿನ ಹುಡುಕಿದರು. ಸ್ನಾನ ಅವರದು ಮಹಡಿಯಲ್ಲಿ, ಹಿಂದಿನ ಬಚ್ಚಲಿಗೆ ಹೋಗುವವರಲ್ಲ. ನಾಳೆ ಹೇಳೋಣ ಎಂದುಕೊಂಡೆ. ಆಮೇಲೆ, ನೆನಪಿನ ಅಳತೆಯಲ್ಲಿ ಪುಟ್ಟಸಿದ್ದಯ್ಯ ಮಾಡಿಕೊಟ್ಟ ಮಣೆ ಸರಿಬರಲಿಲ್ಲ, ಹೆಂಗಸರು ಜಾರುತ್ತಿದ್ದರು. ಅದು ಸ್ಟೋರ್ ರೂಮಿಗೆ ಹೋಯಿತು. ಆಗ ಹೇಳುವುದು ಇನ್ನೂ ಕಷ್ಟವಾಯಿತು.

ರಾಮಮ್ಮ ಬಂದುಹೋಗಿ ಒಂಬತ್ತು ದಿನ ನಾನು ಸುಮ್ಮನಿದ್ದೆ. ಬೋರ್ಡ್ ಇಳಿಯಿತು. ಲ್ಯಾಬ್ ಇಡುವವನೊಬ್ಬ ಬಂದು ಮುಂದಿನ ಕೋಣೆ ನೋಡಿಹೋದ. ಹತ್ತನೆಯ ದಿನ ಬೆಳಗ್ಗೆ ಮಣೆ ಕಲ್ಲಿಗೆ ತಾಗಿದ ಸದ್ದು ಕೇಳಿ ಕೈಯ ಪಾತ್ರೆ ಕೆಳಗಿಟ್ಟೆ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ಮಣೆ ಯಾರದು, ಯಾತಕ್ಕೆ, ನಾನು ಏನು ಹೇಳಿದ್ದೆ, ಎಲ್ಲ.

ಅತ್ತೆ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟರು.

“ಹೆತ್ತ ಮಣೆಯಾ ಅದು?”

“ಹೂಂ ಅತ್ತೆ.”

“ಅವ್ರ ಮನೇದು.”

“ಹೂಂ.”

“ನಾಕ್ ವರ್ಷ. ಅದರ ಮ್ಯಾಲೆ ಮಿಂದು ಎದ್ದೋಗಿ ಲಿಂಗಪೂಜೆಗೆ ಕೂತಿವ್ನಿ. ಎಂ.ಎ. ಓದಿದ್ದು ಇದ್ಕೇನವ್ವ? ಗಂಡನಿಗೊಂದು ಸುಳ್ಳು, ಅತ್ತೆಗೊಂದು ಸುಳ್ಳು.”

ಪರಮೇಶನಿಗೆ ನಗು ಬಂತು. ತಡೆದುಕೊಂಡ. “ಹೋಗ್ಲಿ ಬುಡವ್ವ, ಮೈಯಂತೂ ಮಣೆಗೆ ಅಂಟ್ಕಂಡಿಲ್ವಲ್ಲ. ಆಚೆಗೆ ಎಸೆದ್ರಾಯ್ತು.”

“ಎಸೆಯಲ್ಲ. ವಾಪಸ್ ಕೊಡಬೇಕು,” ಎಂದೆ.

“ಸತ್ತೋರ್ ಹೆಸರಲ್ಲಿ ಈಗ್ಯಾಕ್ ಅತ್ತಿಗೆ ಇದೆಲ್ಲ? ಕಳ್ದೋಯ್ತು ಅಂತ ಅಣ್ಣನೇ ಹೇಳಾಗದೆ. ಈಗ ನೀವು ಹೊತ್ಕಂಡೋದ್ರೆ ಅಣ್ಣನೇ ಬಚ್ಚಿಟ್ಟಿದ್ದ ಅಂತಾರೆ.”

“ನಾನು ಬಚ್ಚಿಟ್ಟಿದ್ದೆ ಅಂತ ಹೇಳ್ತೀನಿ.”

ಅತ್ತೆ ಎದ್ದು ಕೈ ತೊಳೆದರು. ಊಟ ತಟ್ಟೆಯಲ್ಲೇ ಉಳಿಯಿತು. ಇನ್ನು ಆ ಬಚ್ಚಲಿಗೆ ಕಾಲಿಡಲ್ಲ, ಮೊದಲು ತೊಳೆಸಿ, ಸೂತಕದ ಮಣೆ ಎಂದು ಅಡುಗೆಮನೆಯಿಂದಲೇ ಹೇಳಿದರು.

ಮಾವ ಮಜ್ಜಿಗೆ ಬಡಿಸಿಕೊಳ್ಳುತ್ತಾ, “ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ಊರಿಗೆಲ್ಲ ಹೇಳ್ತಿದ್ದೋಳು ನೀನೇ ಅಲ್ವಾ ಪುಟ್ಟಬಸಮ್ಮ?” ಎಂದರು.

ಅಡುಗೆಮನೆಯಿಂದ ಪಾತ್ರೆಗಳ ಸದ್ದು ಬಂತು.

ಎಂಟು ದಿನ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ಪರಮೇಶನಿಗೆ ಹೇಳುತ್ತಿದ್ದರು, ಅವನು ನನಗೆ ದಾಟಿಸುತ್ತಿದ್ದ. ಸಾರಿಗೆ ಹುಣಸೆಹಣ್ಣು ಜಾಸ್ತಿಯಂತೆ ಅತ್ತಿಗೆ. ರೇಷ್ಮೆ ಸೀರೆ ಪೆಟ್ಟಿಗೆ ಬೀಗ ಎಲ್ಲಂತೆ ಅತ್ತಿಗೆ. ಸ್ನಾನ ನಿಂತುಕೊಂಡೇ ಮಾಡುತ್ತಿದ್ದರು, ಒಂದು ಕೈಯಲ್ಲಿ ನಲ್ಲಿ ಹಿಡಿದು. ಮಾವ ಪೇಟೆಯಿಂದ ಹೊಸ ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟರು, ಕೆಳಗೆ ರಬ್ಬರ್ ಬುಷ್ ಇರುವಂಥದ್ದು. ಅದು ಕವರ್ ಸಮೇತ ಅಲ್ಲೇ ಇತ್ತು. ಮಣೆ ಹಿತ್ತಲಿನ ತೆಂಗಿನ ಬುಡದಲ್ಲಿತ್ತು. ಪರಮೇಶ ಕಾಗದದಲ್ಲಿ ಹಿಡಿದು ತಂದು ಹಾಕಿದ್ದ. ಒಯ್ಯಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ. ಅವರು ಮಾತಾಡದೆ ಇರುವಾಗ ಒಯ್ಯಲು ಕಾಲೇಳಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ನಡುಮನೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದೆ. ಅತ್ತೆ ಬಂದು ಗೋಡೆ ಹಿಡಿದು ಮೆಲ್ಲಗೆ ಕೂತು ಮೊರದಿಂದ ಒಂದು ಹಿಡಿ ತೆಗೆದುಕೊಂಡರು. ಒಂದೊಂದೇ ಬಿಡಿಸತೊಡಗಿದರು.

“ಅವನಿಗೆ ಗೊತ್ತಿತ್ತು,” ಎಂದರು.

ನಾನು ತಲೆ ಎತ್ತಿದೆ.

“ಹೋದೊರ್ಷ ಯುಗಾದಿ ಆದ್ಮೇಲೆ. ಬಚ್ಚಲಲ್ಲಿ ಬಲ್ಬ್ ಹೋಗಿತ್ತು, ಪರಮೇಶ ಇರ್ಲಿಲ್ಲ, ಅವನೇ ಬಂದ. ಬಲ್ಬ್ ಹಾಕ್ದ. ಮಣೆ ನೋಡ್ತಾ ನಿಂತ್ಕಂಡ. ಏನ್ಲಾ ಅಂದೆ. ಇದ ಯಾರವ್ವ ತಂದಿಟ್ಟಿದ್ದು ಅಂದ. ನಿನ್ನ ಹೆಂಡ್ತಿ ಕಣ್ಲಾ, ನನ್ನ ಮಂಡಿಗೇ ಅಂತ ಮಾಡ್ಸಿದಂಗದೆ ಅಂದೆ.”

“ಅವರೇನಂದರು?”

“ಮಂಡಿ ಹೆಂಗದೆಯವ್ವ ಅಂದ. ಇದು ಬಂದ್ಮೇಲೆ ವಾಸಿ ಅಂದೆ. ಸರಿ ಅಂತ ಹೋದ.” ಅವರು ಒಂದು ಕಾಯಿ ಬಿಡಿಸಿ ಹುಳು ನೋಡಿ ಎಸೆದರು. “ನಾ ಅಂಗ್ ಅನ್ಬಾರದಿತ್ತು. ಅದ್ಕೇ ತಕ್ಕಂಡೋಗ್ಲಿಲ್ಲ ಅವ್ನು.”

ನನಗೆ ಆ ಯುಗಾದಿಯ ಮುಂದಿನ ಭಾನುವಾರ ನೆನಪಾಯಿತು. ಮಧ್ಯಾಹ್ನ ಊಟವಾದ ಮೇಲೆ ಅವರು ಮಹಡಿಯ ಕೋಣೆಯಲ್ಲಿ ಕಾರ್ಡ್‌ಗಳನ್ನು ಹರಡಿಕೊಂಡು ಬರೆಯುತ್ತಿದ್ದರು. ನಾನು ಬಟ್ಟೆ ಮಡಚುತ್ತಿದ್ದೆ. ಏನಾದರೂ ಹೇಳೋದಿದೆಯಾ ಸೌಮ್ಯ ಎಂದು ಕೇಳಿದರು. ಏನಿಲ್ಲವಲ್ಲ ಎಂದೆ. ಅವರು ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ನಾನು ಮಡಚಿದ ಬಟ್ಟೆ ಎತ್ತಿಕೊಂಡು ಕೆಳಗೆ ಹೋದೆ.

ಆಮೇಲೆ ಅವರು ಒಂದು ವರ್ಷ ನಾಲ್ಕು ತಿಂಗಳು ಇದ್ದರು. ಮತ್ತೆ ಕೇಳಲಿಲ್ಲ. ಆ ಅವಧಿಯಲ್ಲೇ ಎಷ್ಟೋ ಸಲ ಲೊಕ್ಕನಹಳ್ಳಿಗೆ ಹೋಗಿ ಬಂದರು, ಆ ಊರವರ ಮಾತು ಅವರ ಕಿವಿಗೂ ಬಿದ್ದಿರಬೇಕು.

ಮಾರನೆಯ ದಿನ ಎದ್ದಾಗ ಹಿತ್ತಲಲ್ಲಿ ಉಜ್ಜುವ ಸದ್ದು. ಅತ್ತೆ ತೆಂಗಿನ ನಾರು ಸೀಗೆಪುಡಿ ಹಿಡಿದು ಮಣೆ ತಿಕ್ಕುತ್ತಿದ್ದರು, ಮಾವನ ಹೊಸ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು. ಬಿಸಿಲಿಗೆ ಒಣಗಿಸಿ ಹರಳೆಣ್ಣೆ ಹಚ್ಚಿದರು. ನಾಲ್ಕು ವರ್ಷದ ಸೋಪಿನ ಬಿಳುಪು ಹೋಗಿ ಮರದ ಕೆಂಪು ಕಂಡಿತು.

“ಅಂಗೇ ಕೊಡಬ್ಯಾಡ,” ಎಂದರು. “ನಮ್ಮನೇಲಿ ಕೊಳೆ ಮಾಡ್ಕಂಡು ಕೊಟ್ರು ಅಂತಾರೆ.” ಮತ್ತೆ ಒಳಗೆ ಹೋಗಿ ಶಾಂತಮೂರ್ತಿಯವರ ಒಂದು ಬಿಳಿ ಪಂಚೆ ತಂದು ಸುತ್ತಿದರು. ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಪೆಟ್ಟಿಗೆಯಲ್ಲಿಟ್ಟಿದ್ದರು.

ಪರಮೇಶ ಬೈಕಿನಲ್ಲಿ ಬಸ್‌ಸ್ಟಾಂಡಿಗೆ ಬಿಟ್ಟ. ದಾರಿಯಲ್ಲಿ, ಬೇಕಾದರೆ ನಾನೂ ಬರ್ತೀನಿ ಎಂದ. ಬೇಡ ಎಂದೆ. ಒಡೆಯರಪಾಳ್ಯದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಣೆ ತೊಡೆಯ ಮೇಲಿತ್ತು. ಪಕ್ಕದ ಹೆಂಗಸು ಅದೇನು ದೇವರಾ ಎಂದು ಕೇಳಿದಳು. ಅಲ್ಲ, ಎರವಲು ತಂದದ್ದು ಎಂದೆ.

ರಾಮಮ್ಮನ ಮನೆ ಊರಾಚೆ, ಜೋಳದ ಹೊಲಕ್ಕೆ ಅಂಟಿಕೊಂಡಂತೆ. ಬಾಗಿಲಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದರು, ಹಲ್ಲಿಲ್ಲ. ನಾನು ಪಂಚೆ ಬಿಚ್ಚಿದೆ. ಅವರು ಮಣೆ ನೋಡಿದರು, ನನ್ನನ್ನು ನೋಡಿದರು. ಕೈಗೆ ತೆಗೆದುಕೊಳ್ಳಲಿಲ್ಲ.

“ಕೂತ್ಕಳವ್ವ,” ಎಂದರು. “ಅದರ ಮ್ಯಾಲೇ ಕೂತ್ಕೊ. ನೆಲ ತಣ್ಣಗದೆ.”

ಕೂತೆ. ಕೋಮಲ ಒಳಗಿನಿಂದ ಟೀ ತಂದಳು, ಸ್ಟೀಲ್ ಲೋಟದಲ್ಲಿ, ತುಂಬ ಸಿಹಿ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹೊಟ್ಟೆ ಇನ್ನಷ್ಟು ಮುಂದೆ ಬಂದಿತ್ತು.

“ಏನಾಯ್ತವ್ವ?” ಎಂದು ಕೇಳಿದರು ರಾಮಮ್ಮ.

ಕೇಳಿ ಮತ್ತೆ ಕುಟ್ಟಲು ಶುರುಮಾಡಿದರು. ನನ್ನ ಮುಖ ನೋಡಲಿಲ್ಲ. ಅವಸರವಿಲ್ಲದೆ, ಒಂದೇ ಸಮನೆ, ಟಕ್ ಟಕ್ ಎಂದು ಕುಟ್ಟುತ್ತಾ ಇದ್ದರು. ಎಲೆಅಡಿಕೆ ಆಗಲೇ ನುಣ್ಣಗಾಗಿತ್ತು, ಆದರೂ ಕುಟ್ಟುತ್ತಿದ್ದರು. ಲೊಕ್ಕನಹಳ್ಳಿ ಮೆಡಿಕಲ್ ಕಾಲೇಜು ಎಂದು ಶಾಂತಮೂರ್ತಿ ನಕ್ಕದ್ದು ಇದಕ್ಕೆ.

ನಾನು ಹೇಳಿದೆ. ಅವರು ಕಳೆದುಹಾಕಲಿಲ್ಲ, ಕಸಿದುಕೊಳ್ಳಲಿಲ್ಲ. ನಾನು ಮಂಡಿನೋವಿನ ಅತ್ತೆಗೆಂದು ಬಚ್ಚಲಲ್ಲಿಟ್ಟು ಗೊತ್ತಿಲ್ಲ ಎಂದೆ. ಹೊಸದಾಗಿ ಬಂದ ಮನೆಯಲ್ಲಿ ಒಳ್ಳೆಯವಳು ಅನ್ನಿಸಿಕೊಳ್ಳಬೇಕಿತ್ತು. ನಿಮಗೆ ಅವರು ಕೈ ಮುಗಿದದ್ದು ನನ್ನ ತಪ್ಪಿಗೆ. ಊರಿನವರಿಗೆ ಇದನ್ನು ನೀವು ಹೇಳಬೇಕು, ನನ್ನ ಹೆಸರು ಹಿಡಿದೇ ಹೇಳಬೇಕು.

ಕುಟ್ಟುವುದು ನಿಂತಿತು.

“ಡಾಕ್ಟ್ರಪ್ಪಂಗೆ ಗೊತ್ತಾಗಿತ್ತಾ?”

“ಆಗಿತ್ತು. ನಾನೇ ಹೇಳಲಿ ಅಂತ ಇದ್ದರು.”

ರಾಮಮ್ಮ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ, ನಿಮ್ಮತ್ತೆ ಮಂಡಿ ಹೆಂಗದೆ ಎಂದು ಕೇಳಿದರು. ನೋವು ಹಾಗೇ ಇದೆ ಎಂದೆ. ಹರಳೆಣ್ಣೆ ಕಾಯ್ಸಿ ಎಕ್ಕದೆಲೆ ಕಟ್ಟಲಿ ಎಂದರು.

ಕೋಮಲ ಒಳಗೆ ಹೋಗಿ ಕಾರ್ಡ್ ತಂದಳು. “ಇದ್ರಲ್ಲಿರೋ ತಾರೀಕು ಮುಗುದೋಯ್ತು,” ಎಂದಳು. ಕಾರ್ಡನ್ನು ನನ್ನ ಕೈಗೆ ಕೊಡಲಿಲ್ಲ, ಹಿಡಿದು ತೋರಿಸಿದಳು. “ಹನೂರ್ನಲ್ಲಿ ಆ ಲೇಡಿ ಡಾಕ್ಟ್ರು ಯಾವತ್ ಸಿಕ್ತಾರೆ?”

“ಮಂಗಳವಾರ. ನಾನು ಅಲ್ಲಿ ಬಸ್‌ಸ್ಟಾಂಡಿನಲ್ಲಿ ಇರ್ತೀನಿ. ಹೆರಿಗೆಗೆ ಕೂರೋಕೆ ಬಿಡ್ತಾರಾ ಅಂತ ಮೊದಲೇ ಕೇಳಿ ಬರೋಣ.”

ಅವಳು ಕಾರ್ಡನ್ನು ಮತ್ತೊಮ್ಮೆ ನೋಡಿದಳು, ಎರಡು ಗೆರೆ ಎಳೆದ ಜಾಗದಲ್ಲಿ. “ಹತ್ ಗಂಟೆ ಬಸ್ಸಿಗ್ ಬತ್ತೀವಿ,” ಎಂದಳು.

ಟೀ ಮುಗಿಸಿದೆ. ವಾಪಸಿನ ಬಸ್ಸಿನ ಹಾರ್ನ್ ದೂರದಲ್ಲಿ ಕೇಳಿತು. ನಾನು ಮಣೆಯಿಂದ ಎದ್ದು, ಪಂಚೆಯ ತುದಿಯಿಂದ ಅದನ್ನು ಒರೆಸಿ, ಎರಡು ಕೈಯಲ್ಲಿ ಎತ್ತಿ ರಾಮಮ್ಮನಿಗೆ ಕೊಟ್ಟೆ.